ಮನಸ್ಸಿನಲ್ಲೇ ಮಂಡಿಗೆ, ಡಾಕ್ಟರ ಚೀಟಿ ಸಮೇತ

ಹುಣಸೆ ದೋರೆಗಾಯಿ. ಓಡು ಬಿಡಿಸಿದರೆ ಒಳಗೆ ಇನ್ನೂ ಅರ್ಧ ಹಸಿರು. ಅದಕ್ಕೆ ಕಲ್ಲುಪ್ಪು, ಎರಡು ಹಸಿಮೆಣಸಿನಕಾಯಿ, ಚಿಟಿಕೆ ಜೀರಿಗೆ ಸೇರಿಸಿ ಒರಳಲ್ಲಿ ಕುಟ್ಟಿ, ಕಡ್ಡಿಗೆ ಮೆತ್ತಿ ನಾಲಿಗೆಯ ತುದಿಗೆ ಇಟ್ಟುಕೊಂಡರೆ… ಬಂತಲ್ಲ ಬಾಯಲ್ಲಿ ನೀರು? ನಾನು ಕೊಟ್ಟಿದ್ದು ನಾಲ್ಕು ಸಾಲು ಅಕ್ಷರ ಮಾತ್ರ. ಹುಣಸೆಹಣ್ಣು ತುಮಕೂರಿನ ಮಾರುಕಟ್ಟೆಯಲ್ಲಿದೆ, ದುಡ್ಡು ಕೊಟ್ಟು ತಗೊಳ್ಳಿ.

ಇಲ್ಲದ ಹುಣಸೆಹಣ್ಣಿಗೆ ನಿಜವಾದ ಜೊಲ್ಲು ಸುರಿಸುವ ಈ ದೇಹದ ಪೆದ್ದುತನವನ್ನೇ ಬಂಡವಾಳ ಮಾಡಿಕೊಂಡು ಒಂದು ಚಿಕಿತ್ಸೆ ನಡೆಯುತ್ತದೆ ಅಂದರೆ ನಮ್ಮ ಹೊಳವನಹಳ್ಳಿಯ ಅರಳಿಕಟ್ಟೆ ನಂಬುವುದಿಲ್ಲ. ‘ಕಣ್ ಮುಚ್ಕೊಂಡ್ ಕೂತ್ರೆ ಕಾಯಿಲೆ ವಾಸಿಯಾಗೋ ಹಂಗಿದ್ರೆ ನಮ್ಮೂರ್ ಕಟ್ಟೆ ಮೇಲೆ ಮಧ್ಯಾಹ್ನ ಮಲಗೋರೆಲ್ಲ ನೂರು ವರ್ಷ ಬಾಳ್ಬೇಕಿತ್ತು ಕಣಣ್ಣೋ’ ಎಂದು ಹೂವಿನ ವ್ಯಾಪಾರದ ನಮ್ಮ ಭಾವ ತೀರ್ಪು ಕೊಟ್ಟೇಬಿಟ್ಟರು. ಕಟ್ಟೆಯ ತೀರ್ಪಿಗೆ ಮೇಲ್ಮನವಿ ಇಲ್ಲ. ಆದರೂ ಹಾಕುತ್ತಿದ್ದೇನೆ.

ನೋಡಿ, ಕಲ್ಪನೆ ಮಾಡುವುದನ್ನು ನಮಗೆ ಯಾವ ಡಾಕ್ಟರೂ ಕಲಿಸಬೇಕಾಗಿಲ್ಲ. ನಮ್ಮ ಕಡೆ ಅದರ ಕೃಷಿ ಮಳೆಯಿಲ್ಲದೆಯೂ ಆಗುತ್ತದೆ. ಬೋರ್‌ವೆಲ್ ಲಾರಿ ಬಂದು ನಿಂತ ದಿನ ಹೊಲದ ಬದುವಿನ ಮೇಲೆ ಕೂತ ಯಜಮಾನನನ್ನು ಗಮನಿಸಿ. ತೆಂಗಿನಕಾಯಿ ಅಂಗೈಯಲ್ಲಿಟ್ಟುಕೊಂಡು ನೀರು ನೋಡುವವನು ಜಾಗ ತೋರಿಸಿ ಹೋಗಿದ್ದಾನೆ. ಕೊಳವೆ ಇನ್ನೂ ಮುನ್ನೂರು ಅಡಿಯಲ್ಲಿದೆ, ಮೇಲೆ ಬರುತ್ತಿರುವುದು ಬೂದಿಯಂಥ ಪುಡಿ. ಯಜಮಾನನ ತಲೆಯೊಳಗೆ ಮಾತ್ರ ಅಷ್ಟರಲ್ಲಿ ಅಡಿಕೆ ಸಸಿ ನೆಟ್ಟಾಗಿದೆ, ಗೊನೆ ಇಳಿದಾಗಿದೆ, ಬೊಲೆರೊ ಗಾಡಿ ಬಂದಾಗಿದೆ, ಮಗಳ ಮದುವೆಗೆ ಛತ್ರ ನೋಡುತ್ತಿದ್ದಾನೆ. ಹಿಟ್ಟಿನ ಮಡಕೆಯನ್ನು ಒದ್ದು ಒಡೆದುಕೊಂಡ ಪಂಚತಂತ್ರದ ಬ್ರಾಹ್ಮಣ ಇವನ ಮುಂದೆ ಏನೇನೂ ಅಲ್ಲ. ಅವನು ಒದ್ದಿದ್ದು ಒಂದು ಮಡಕೆ, ಇವನದು ಲಕ್ಷಗಟ್ಟಲೆ ಸಾಲ.

ಇದು ಗಂಡಸರ ಶೈಲಿ. ನಮ್ಮ ದೊಡ್ಡಮ್ಮನದು ಬೇರೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮೊಮ್ಮಗನ ಫೋನು ರಾತ್ರಿ ಎಂಟೂವರೆಗೆ ಸ್ವಿಚ್ ಆಫ್. ಎಂಟು ಮೂವತ್ತೈದಕ್ಕೆ ಅವನ ಬೈಕು ಲಾರಿಯ ಕೆಳಗೆ. ಎಂಟು ನಲವತ್ತಕ್ಕೆ ನೂರಾ ಎಂಟು ಆಂಬುಲೆನ್ಸು. ಒಂಬತ್ತಕ್ಕೆ ದೊಡ್ಡಮ್ಮ ಸೆರಗು ಬಾಯಿಗಿಟ್ಟುಕೊಂಡು ಕೂತಿದ್ದಾರೆ, ಎದೆ ಡವಡವ, ಅಂಗೈ ಒದ್ದೆ. ಒಂಬತ್ತೂಕಾಲಕ್ಕೆ ಮೊಮ್ಮಗನೇ ಫೋನ್ ಮಾಡಿ ‘ಚಾರ್ಜ್ ಇರ್ಲಿಲ್ಲ ಕಣಜ್ಜಿ’ ಅಂದ. ಆ ಮುಕ್ಕಾಲು ಗಂಟೆ ದೊಡ್ಡಮ್ಮನ ರಕ್ತದೊತ್ತಡ ಏರಿದ್ದಂತೂ ಸುಳ್ಳಲ್ಲ. ಕಲ್ಪನೆಗೆ ಇಷ್ಟು ಶಕ್ತಿ ಇದೆ ಎಂದು ದಿನಾ ರುಜುವಾತು ಮಾಡುವವರೇ, ಅದೇ ಶಕ್ತಿಯಿಂದ ಎದೆಬಡಿತ ಇಳಿಸಬಹುದು ಅಂದರೆ ಮೂಗು ಮುರಿಯುತ್ತಾರೆ!

ಮಾತಿನಲ್ಲಿ ‘ಅಪಘಾತ’ ಎಂದು ಯೋಚಿಸುವುದಕ್ಕೂ ಲಾರಿಯ ಚಕ್ರವನ್ನು ಕಣ್ಣಿಗೆ ಕಟ್ಟಿದ ಹಾಗೆ ಕಾಣುವುದಕ್ಕೂ ವ್ಯತ್ಯಾಸವಿದೆ. ಚಿತ್ರವಾಗಿ ಬಂದದ್ದು ಭಾವನೆಯನ್ನು ಹೆಚ್ಚು ಕಲಕುತ್ತದೆ ಎಂದು ಎಮಿಲಿ ಹೋಮ್ಸ್ ಮತ್ತು ಆಂಡ್ರ್ಯೂ ಮ್ಯಾಥ್ಯೂಸ್ 2005ರಲ್ಲಿ ಪ್ರಯೋಗ ಮಾಡಿಯೇ ತೋರಿಸಿದರು. ನಮ್ಮ ದೊಡ್ಡಮ್ಮನನ್ನು ಕೇಳಿದ್ದರೆ ಅವರ ಖರ್ಚು ಉಳಿಯುತ್ತಿತ್ತು.

ಇನ್ನು ಮಂಡಿಗೆಯ ವಿಷಯ. ಸೋಮಾರಿಗಳನ್ನು ‘ಮನಸ್ಸಿನಲ್ಲೇ ಮಂಡಿಗೆ ತಿನ್ನಬೇಡ’ ಎಂದು ಬೈಯುತ್ತೇವಲ್ಲ, 2010ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ಅದನ್ನೇ ಮಾಡಿಸಿದರು. ಅಲ್ಲಿ ಮಂಡಿಗೆ ಎಲ್ಲಿಂದ ತರುತ್ತಾರೆ, ಚಾಕೊಲೇಟ್ ಗುಂಡುಗಳನ್ನು ಆರಿಸಿಕೊಂಡರು. ಒಂದು ಗುಂಪಿಗೆ ಒಂದೊಂದಾಗಿ 30 ಗುಂಡು ತಿಂದ ಹಾಗೆ ಕಲ್ಪಿಸಿಕೊಳ್ಳಿ ಅಂದರು, ಇನ್ನೊಂದಕ್ಕೆ 3 ಸಾಕು ಅಂದರು. ಆಮೇಲೆ ನಿಜವಾದ ಬಟ್ಟಲು ಮುಂದಿಟ್ಟರೆ, ಮನಸ್ಸಿನಲ್ಲಿ 30 ನುಂಗಿದವರು ಕಡಿಮೆ ತಿಂದರು. ಅರ್ಧ ಹೊಟ್ಟೆ ಆಗಲೇ ತುಂಬಿದ ಹಾಗೆ! ಬೀಗರ ಊಟಕ್ಕೆ ಹೊರಡುವ ಮುನ್ನ ದಯವಿಟ್ಟು ಈ ಪ್ರಯೋಗ ಬೇಡ.

ಈ ಮಂಡಿಗೆಯನ್ನು ಚಿಕಿತ್ಸೆಯ ಎಲೆಗೆ ಕ್ರಮವಾಗಿ ಬಡಿಸಿದವರಲ್ಲಿ ಜರ್ಮನಿಯ ಮನೋವೈದ್ಯ ಹನ್ಸ್‌ಕಾರ್ಲ್ ಲಾಯ್ನರ್ ಮುಖ್ಯರು. 1950ರ ದಶಕದಲ್ಲಿ ಅವರು ರೂಪಿಸಿದ ಪದ್ಧತಿ ಇಂದಿಗೂ ಜರ್ಮನಿ, ಆಸ್ಟ್ರಿಯಾ ಕಡೆ ಬಳಕೆಯಲ್ಲಿದೆ. ಮಾಡುವುದು ಇಷ್ಟು: ಮೈ ಸಡಿಲ ಬಿಟ್ಟು ಕಣ್ಣು ಮುಚ್ಚಿಸುತ್ತಾರೆ. ‘ಒಂದು ಹುಲ್ಲುಗಾವಲು ಮನಸ್ಸಿಗೆ ತಂದುಕೊಳ್ಳಿ, ಏನು ಕಾಣುತ್ತಿದೆಯೋ ಹೇಳುತ್ತಾ ಹೋಗಿ’ ಎನ್ನುತ್ತಾರೆ. ಕೂತವರು ಹೇಳುತ್ತಾ ಹೋಗುತ್ತಾರೆ. ಡಾಕ್ಟರು ಪಕ್ಕದಲ್ಲೇ ಕೂತು ಅಲ್ಲೊಂದು ಇಲ್ಲೊಂದು ಪ್ರಶ್ನೆ ಕೇಳುತ್ತಾರೆ. ಇದು ಸಮ್ಮೋಹಿನಿಯಲ್ಲ, ಇದರಲ್ಲಿ ಎಚ್ಚರ ತಪ್ಪುವುದಿಲ್ಲ, ಜೇಬಿನ ಮೇಲೆ ನಿಗಾ ಇಟ್ಟುಕೊಂಡೇ ಕೂರಬಹುದು. ಹುಲ್ಲುಗಾವಲಾದ ಮೇಲೆ ತೊರೆ, ಬೆಟ್ಟ, ಮನೆ, ಕಾಡಂಚು. ಮುಗಿದ ಮೇಲೆ ಕಂಡದ್ದನ್ನು ಕಾಗದದ ಮೇಲೆ ಚಿತ್ರ ಬರೆಸುವುದೂ ಉಂಟು.

ಕಟ್ಟೆಯ ಮೇಲೆ ಇದನ್ನು ಹೇಳಿದ್ದೇ ತಡ, ಜರ್ಮನಿಯ ಸರಕಿಗೆ ನಮ್ಮವರು ಹೋಬಳಿ ಮಟ್ಟದ ತಿದ್ದುಪಡಿ ತಂದರು.

‘ಹುಲ್ಲುಗಾವಲು ಅಂದ್ರಲ್ಲ, ಯಾರದು? ಗೋಮಾಳನಾ? ಒತ್ತುವರಿ ಆಗಿಲ್ವಾ?’ ಎಂದರು ಒಬ್ಬರು. ನಗಬೇಡಿ. ಡಾಕ್ಟರಿಗೆ ಬೇಕಾಗಿರುವುದೇ ಇಂಥ ಉತ್ತರ. ಒಬ್ಬನ ಹುಲ್ಲುಗಾವಲು ಹಸಿರಾಗಿರುತ್ತದೆ, ಒಬ್ಬನದು ಬೇಲಿ ಹಾಕಿಕೊಂಡಿರುತ್ತದೆ, ಒಬ್ಬನದು ಸುಟ್ಟು ಕರಕಲು. ಬಾಯಿಬಿಟ್ಟು ‘ನನಗೆ ದಿಗಿಲು’ ಎನ್ನಲಾರದವನು ‘ಹುಲ್ಲು ಒಣಗಿದೆ’ ಅನ್ನಬಲ್ಲ. ನಮ್ಮ ಕಡೆ ಗಂಡಸರು ಹೊಟ್ಟೆನೋವು, ತಲೆನೋವು, ಸೊಂಟನೋವು ಎನ್ನುತ್ತಾರೆಯೇ ಹೊರತು ಮನಸ್ಸು ನೋಯುತ್ತಿದೆ ಎಂದು ಸಾಯುವವರೆಗೂ ಹೇಳುವುದಿಲ್ಲ. ಅವರಿಗೆ ಇದು ಹಿತ್ತಲ ಬಾಗಿಲು.

ತೊರೆಯೆಂದರೆ ನಮಗೆ ಜಯಮಂಗಲಿ. ದೇವರಾಯನದುರ್ಗದಲ್ಲಿ ಹುಟ್ಟಿ ಉತ್ತರ ಪಿನಾಕಿನಿಗೆ ಸೇರುವ ಈ ಹೊಳೆಯನ್ನು ಮನಸ್ಸಿಗೆ ತಂದುಕೋ ಅಂದರೆ ಹುಡುಗರಿಗೆ ಮರಳು ಕಾಣುತ್ತದೆ. 2022ರ ಮಳೆಗಾಲ ಕಂಡವರಿಗೆ ದಡ ಮೀರಿದ ಕೆಂಪು ನೀರು. ಲಾಯ್ನರ್ ಪದ್ಧತಿಯಲ್ಲಿ ತೊರೆಯ ಗುಂಟ ಮೂಲದ ತನಕ ನಡೆಸಿಕೊಂಡು ಹೋಗಿ, ಊಟೆಯ ನೀರು ಕುಡಿಸಿ, ಮೈಗೆ ತಾಕಿಸಿಕೊಳ್ಳಲು ಹೇಳುವುದುಂಟು. ಅದಕ್ಕೆ ನಮ್ಮಲ್ಲಿ ಒಳ್ಳೇ ಜಾಗವೇ ಇದೆ: ದೇವರಾಯನದುರ್ಗದ ಬುಡದ ನಾಮದ ಚಿಲುಮೆ. ಹಣೆಗೆ ನಾಮ ಇಡಲು ನೀರಿಲ್ಲದೆ ರಾಮ ಬಾಣ ಬಿಟ್ಟ ಎನ್ನುವ ಆ ಬಂಡೆಯ ತೂತಿನ ತಣ್ಣೀರನ್ನು ಒಮ್ಮೆ ಮುಟ್ಟಿದವರಿಗೆ ಮನಸ್ಸಿನಲ್ಲಿ ಊಟೆ ಹುಡುಕುವುದು ಕಷ್ಟವೇನಲ್ಲ.

ಬೆಟ್ಟಕ್ಕಂತೂ ಬರವಿಲ್ಲ. ಸಿದ್ಧರಬೆಟ್ಟ, ಚನ್ನರಾಯನದುರ್ಗ, ಎಲ್ಲದರ ತಲೆಯ ಮೇಲೆ ಮಧುಗಿರಿಯ ಏಕಶಿಲೆ, ಸಮುದ್ರಮಟ್ಟದಿಂದ ಸುಮಾರು 3,900 ಅಡಿ. ಬೆಟ್ಟ ಎಷ್ಟೆತ್ತರ ಕಾಣುತ್ತದೆ, ಹತ್ತಲು ಆಗುತ್ತದೋ ಇಲ್ಲವೋ ಎನ್ನುವುದರಲ್ಲಿ ಮನುಷ್ಯ ತನ್ನ ಮೇಲೆ ತಾನೇ ಹೇರಿಕೊಂಡ ಆಸೆಯ ಅಳತೆ ಸಿಗುತ್ತದೆ ಎನ್ನುವುದು ಲಾಯ್ನರ್ ಕಡೆಯವರ ಲೆಕ್ಕ. ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಎಸ್ಸೆಸ್ಸೆಲ್ಸಿ ಹುಡುಗನನ್ನು ಮಾರ್ಚ್ ತಿಂಗಳಲ್ಲಿ ಕೂರಿಸಿ ಬೆಟ್ಟ ನೋಡು ಅಂದರೆ, ಪಾಪ, ಹಿಮಾಲಯವೇ ಕಾಣುತ್ತದೆ. ತುದಿಯಲ್ಲಿ ಅವರಪ್ಪ ಅಂಕಪಟ್ಟಿ ಹಿಡಿದುಕೊಂಡು ನಿಂತಿರುತ್ತಾರೆ. ಇಂಥ ಹುಡುಗನಿಗೆ ಬೇರೊಂದು ದಾರಿಯೂ ಉಂಟು. ಜೋಸೆಫ್ ವೋಲ್ಪೆ ಎಂಬ ವೈದ್ಯರು 1958ರಲ್ಲೇ ಪುಸ್ತಕ ಬರೆದು ವಿವರಿಸಿದ್ದು: ಮೊದಲು ಮೈ ಸಡಿಲಿಸು, ಆಮೇಲೆ ಹಾಲ್ ಟಿಕೆಟ್ ಕಲ್ಪಿಸಿಕೋ, ಎದೆ ಹೊಡೆದುಕೊಂಡರೆ ನಿಲ್ಲಿಸು, ಅದು ಸಲೀಸಾದ ಮೇಲೆ ಶಾಲೆಯ ಗೇಟು, ಆಮೇಲೆ ಬೆಂಚು, ಕೊನೆಗೆ ಗಣಿತದ ಪ್ರಶ್ನೆಪತ್ರಿಕೆ. ಮೆಟ್ಟಿಲು ಮೆಟ್ಟಿಲಾಗಿ. ಅಪ್ಪನಿಗೂ ಇಂಥದ್ದೊಂದು ಚಿಕಿತ್ಸೆ ಇದ್ದಿದ್ದರೆ ಎಂದು ನನಗೆ ಅನ್ನಿಸುತ್ತದೆ, ಅದಿರಲಿ.

ಕಾಡಂಚಿನ ವಿಷಯಕ್ಕೆ ಬಂದಾಗ ಕಟ್ಟೆ ಗಂಭೀರವಾಯಿತು. ಕಾಡಿನ ಅಂಚಿನಲ್ಲಿ ನಿಂತು ಒಳಗಿಂದ ಏನು ಹೊರಗೆ ಬರುತ್ತದೋ ಕಾಯಬೇಕಂತೆ. ‘ಏನ್ ಬರ್ತದೆ, ಕರಡಿ ಬರ್ತದೆ!’ ಎಂದು ನಾಲ್ಕು ಜನ ಒಟ್ಟಿಗೆ ಕೂಗಿದರು. ನಮ್ಮ ಕಡೆ ಇದು ಕಲ್ಪನೆಯಲ್ಲ, ಅರಣ್ಯ ಇಲಾಖೆಗೆ ಕೊಟ್ಟ ಅರ್ಜಿ. ಆದರೆ ಮನಸ್ಸಿನ ಕರಡಿ ಬಂದರೆ ಓಡಬಾರದು, ದೊಣ್ಣೆ ಎತ್ತಬಾರದು. ದಿಟ್ಟಿಸಿ ನೋಡಬೇಕು, ತಿನ್ನಲು ಏನಾದರೂ ಕೊಡಬೇಕು, ಹೊಟ್ಟೆ ತುಂಬಿದ ಮೇಲೆ ಅದು ಮೆತ್ತಗಾಗುತ್ತದೆ ಎನ್ನುತ್ತದೆ ಲಾಯ್ನರ್ ಪದ್ಧತಿ. ಅಷ್ಟು ಹೊತ್ತೂ ಸುಮ್ಮನಿದ್ದ ದೊಡ್ಡಮ್ಮ ಆಗ ಬಾಯಿಬಿಟ್ಟರು: ‘ಅದನ್ನೇ ಕಣಪ್ಪಾ ನಾವು ಮುನೇಶ್ವರಂಗೆ ಎಡೆ ಇಡೋದು.’ ಭಾವ ತಲೆ ಕೆರೆದುಕೊಂಡರು. ನಿಜವಾದ ಕರಡಿಗೆ ಮಾತ್ರ ಯಾರೂ ಎಡೆ ಇಡಲು ಹೋಗಬೇಡಿ ಎಂದು ನಾನು ಸೇರಿಸಿದೆ.

ಮನೆ ಎಂಬ ಚಿತ್ರದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಅಡುಗೆಮನೆ, ಕೋಣೆ, ಅಟ್ಟ, ನೆಲಮಾಳಿಗೆ ಎಲ್ಲವನ್ನೂ ಸುತ್ತಾಡಿಸುತ್ತಾರೆ. ಮನೆಯೆಂದರೆ ಬಹುಮಟ್ಟಿಗೆ ಆ ಮನುಷ್ಯನೇ ಎಂಬ ಅರ್ಥದಲ್ಲಿ. ನಮ್ಮ ಹಳೇ ಮನೆಗಳಲ್ಲಿ ನೆಲಮಾಳಿಗೆ ಎಲ್ಲಿತ್ತು, ಇದ್ದದ್ದು ರಾಗಿ ತುಂಬುವ ಹಗೇವು. ಹಗೇವಿನ ಬಾಯಿ ತೆರೆದ ಕೂಡಲೇ ಯಾರೂ ಒಳಗಿಳಿಯುತ್ತಿರಲಿಲ್ಲ. ಕೆಟ್ಟ ಗಾಳಿ ಹೋಗಲೆಂದು ಕಾಯುವುದು, ಲಾಂದ್ರ ಇಳಿಬಿಟ್ಟು ದೀಪ ನಂದುತ್ತದೋ ನೋಡುವುದು, ಇಳಿಯುವವನ ಸೊಂಟಕ್ಕೆ ಹಗ್ಗ ಕಟ್ಟಿ ಮೇಲೊಬ್ಬ ಹಿಡಿದುಕೊಳ್ಳುವುದು. ಅವಸರಪಟ್ಟು ಇಳಿದವರು ಮೇಲೆ ಬರಲಿಲ್ಲ. ಈ ಚಿಕಿತ್ಸೆಯೂ ಹಾಗೇ. ಮೊಬೈಲಿನಲ್ಲಿ ಕೊಳಲಿನ ಹಿನ್ನೆಲೆಯಲ್ಲಿ ‘ಈಗ ನೀವು ನದಿ ತೀರದಲ್ಲಿದ್ದೀರಿ’ ಎನ್ನುವ ದನಿ ಕೇಳಿ ಹತ್ತು ನಿಮಿಷ ಹಗುರಾಗುವುದು ಸರಿ, ತಪ್ಪೇನಿಲ್ಲ. ಆದರೆ ಹಳೆಯ ಪೆಟ್ಟು, ಸಾವು, ಮಾನಭಂಗ ಹೂತಿಟ್ಟುಕೊಂಡವರು ಒಬ್ಬರೇ ಹಗೇವಿಗೆ ಇಳಿಯಬಾರದು. ಮೇಲೆ ಹಗ್ಗ ಹಿಡಿದ, ತರಬೇತಿಯಾದ ಕೈ ಬೇಕು. ಇಲ್ಲದ ದನಿ ಕೇಳುವವರಿಗೆ, ಯಾವುದು ನಿಜ ಯಾವುದು ಭ್ರಮೆ ತಿಳಿಯದ ಸ್ಥಿತಿಯಲ್ಲಿರುವವರಿಗೆ ಇದು ತಕ್ಕುದಲ್ಲ. ನಡೆಯದ ಘಟನೆಯನ್ನು ನಡೆದದ್ದೇ ಎಂದು ನಂಬಿಸಿಬಿಡುವ ಅಪಾಯವೂ ಇದೆ, ಕೈ ಪಳಗಿರದಿದ್ದರೆ.

‘ನಂಗೆ ಕಣ್ ಮುಚ್ಚಿದ್ರೆ ಏನೂ ಕಾಣಲ್ಲ, ಬರೀ ಕತ್ತಲು’ ಎನ್ನುವ ತಕರಾರನ್ನೂ ಕಟ್ಟೆ ಎತ್ತಿತು. ಇದು ಹಳೇ ತಕರಾರು. 1880ರ ಸುಮಾರಿಗೆ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಪರಿಚಯದವರಿಗೆಲ್ಲ ಪ್ರಶ್ನೆ ಕಳಿಸಿದ್ದ: ಬೆಳಿಗ್ಗೆ ತಿಂಡಿ ತಿಂದ ಮೇಜನ್ನು ನೆನೆಸಿಕೊಳ್ಳಿ, ಎಷ್ಟು ಸ್ಪಷ್ಟವಾಗಿ ಕಾಣುತ್ತದೆ? ಕೆಲವರು ಬಟ್ಟಲಿನ ಬಣ್ಣವನ್ನೂ ಹೇಳಿದರು, ದೊಡ್ಡ ವಿಜ್ಞಾನಿಗಳೇ ಕೆಲವರು ಏನೂ ಕಾಣುವುದಿಲ್ಲ ಎಂದರು. ಹಾಗೆ ಕಾಣದವರಿಗೆ 2015ರಲ್ಲಿ ಆಡಮ್ ಜೆಮಾನ್ ಎಂಬ ನರವೈದ್ಯರು ‘ಅಫ್ಯಾಂಟೇಸಿಯ’ ಎಂದು ಹೆಸರೂ ಇಟ್ಟರು. ಅದು ರೋಗವಲ್ಲ. ಕಾಣದಿದ್ದರೆ ಒಗ್ಗರಣೆಯ ವಾಸನೆ, ಮಳೆಯ ಸದ್ದು, ಕಾಲಡಿಯ ತೇವ ಏನಾದರೊಂದು ಆದೀತು. ನಮ್ಮ ಭಾವನಿಗೆ ಕಣ್ಣು ಮುಚ್ಚಿದರೆ ನಿದ್ದೆಯೇ ಬರುತ್ತದೆ. ಅದಕ್ಕೆ ಯಾರೂ ಇನ್ನೂ ಹೆಸರಿಟ್ಟಿಲ್ಲ.

ಫಲ ಸಿಗುತ್ತದೆಯೇ? ಪವಾಡ ಸಿಗುವುದಿಲ್ಲ. ಆತಂಕ, ಆಪರೇಷನ್‌ಗೆ ಮುಂಚಿನ ದಿಗಿಲು, ನೋವು ಇವುಗಳಲ್ಲಿ ಒಂದಷ್ಟು ಅನುಕೂಲ ಕಂಡಿದೆ. ಪದೇ ಪದೇ ಬೀಳುವ ಕೆಟ್ಟ ಕನಸಿಗೆ ಇದೇ ಜಾತಿಯ ಇನ್ನೊಂದು ವಿಧಾನವಿದೆ: ಆ ಕನಸಿನ ಕತೆಯನ್ನು ಹಗಲಿನಲ್ಲಿ ಬೇಕಾದ ಹಾಗೆ ಬದಲಿಸಿ, ದಿನಾ ಕೆಲ ನಿಮಿಷ ಮನಸ್ಸಿನಲ್ಲೇ ಅಭ್ಯಾಸ ಮಾಡುವುದು. ದೂಳು ಉಗುಳುವ ಬೋರ್‌ವೆಲ್ಲನ್ನೇ ಕನಸಿನಲ್ಲಿ ಕಾಣುವವನು ಹಗಲು ಕೂತು ಅದೇ ಹೊಲದಲ್ಲಿ ಹುರುಳಿ ಬಿತ್ತುವ ಹಾಗೆ ಕಲ್ಪಿಸಿಕೊಳ್ಳಬಹುದು. ಬ್ಯಾಂಕಿನ ನೋಟಿಸು ಇದರಿಂದ ವಾಪಸ್ ಹೋಗುವುದಿಲ್ಲ. ರಾತ್ರಿ ನಾಲ್ಕು ತಾಸು ನಿದ್ದೆ ಬಂದರೆ ಬೆಳಿಗ್ಗೆ ಬ್ಯಾಂಕಿಗೆ ಹೋಗಿ ಮಾತಾಡುವಷ್ಟು ತ್ರಾಣ ಬರುತ್ತದೆ. ನನ್ನ ಲೆಕ್ಕದಲ್ಲಿ ಅದು ಸಣ್ಣ ಲಾಭವಲ್ಲ.

ಮನಸ್ಸಿನ ಕಾಯಿಲೆಯ ಮಾತನ್ನು ನಗುನಗುತ್ತಾ ಆಡುವುದು ಕನ್ನಡಕ್ಕೆ ಹೊಸದೂ ಅಲ್ಲ. 1942ರಲ್ಲಿ ‘ಕೊರವಂಜಿ’ ಹಾಸ್ಯಪತ್ರಿಕೆ ಹುಟ್ಟುಹಾಕಿ ನಾಡನ್ನು ನಗಿಸಿದ ರಾಶಿ ವೃತ್ತಿಯಲ್ಲಿ ಡಾಕ್ಟರು, ಎಂ. ಶಿವರಾಂ. ಅವರಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಹಾಸ್ಯಕ್ಕಲ್ಲ, ಮನಸ್ಸಿನ ಬಗ್ಗೆ ಬರೆದ ‘ಮನಮಂಥನ’ಕ್ಕೆ. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಹಳ್ಳಿಯವರಿಗೂ ತಿಳಿಯುವ ಕನ್ನಡದಲ್ಲಿ ಮನೋರೋಗದ ಪುಸ್ತಕಗಳನ್ನು ರಾಶಿ ರಾಶಿ ಬರೆದು 2024ರಲ್ಲಿ ಪದ್ಮಶ್ರೀ ಪಡೆದರು. ಇಷ್ಟಾದರೂ ಮಾನಸಿಕ ಡಾಕ್ಟರ ಹತ್ತಿರ ಹೋಗಿ ಬಂದವನನ್ನು ಊರವರು ಬಸ್ಸಿನಲ್ಲಿ ಸ್ವಲ್ಪ ಜರುಗಿ ಕೂರಿಸುತ್ತಾರೆ. ಇದನ್ನು ಮಾತ್ರ ನಾನು ತಮಾಷೆ ಮಾಡಲಾರೆ.

ಆದ್ದರಿಂದ ಭಾವ, ನಿಮ್ಮ ತೀರ್ಪು ರದ್ದು. ಕಟ್ಟೆಯ ಮೇಲೆ ಕಣ್ಣು ಮುಚ್ಚುವುದು ನಿದ್ದೆ, ತಿಳಿದವರ ಎದುರು ಮುಚ್ಚುವುದು ಕೆಲಸ. ನಿದ್ದೆ ಕೆಟ್ಟು, ಊಟ ಸೇರದೆ, ಬದುಕೇ ಬೇಡವೆನಿಸಿ ಎರಡು ವಾರ ಕಳೆದವರು ಯಾರಾದರೂ ಮನೆಯಲ್ಲಿದ್ದರೆ ಹುಲ್ಲುಗಾವಲನ್ನು ಆಮೇಲೆ ನೋಡೋಣ, ಮೊದಲು ಡಾಕ್ಟರು. ನುಂಗುತ್ತಿರುವ ಮಾತ್ರೆಯನ್ನು ಈ ಲೇಖನ ಓದಿ ನಿಲ್ಲಿಸಬೇಡಿ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ಯಾವುದೆಂದು ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಅಲ್ಲಿಯವರೆಗೆ ಕಾಯಲಾಗದಿದ್ದರೆ, ಅಥವಾ ಊರವರ ಕಣ್ಣಿಗೆ ಬೀಳಲು ಸಂಕೋಚವಾದರೆ, 2022ರ ಅಕ್ಟೋಬರ್ 10ರಿಂದ ನಡೆಯುತ್ತಿರುವ ಸರ್ಕಾರದ ಟೆಲಿ ಮಾನಸ್ ಇದೆ. ಸಂಖ್ಯೆ 14416. ಹಗಲೂ ರಾತ್ರಿ, ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು.