ಕಡ್ಡಿ ನೋಡಿದ್ರಾ, ಮೇಷ್ಟ್ರೇ?

“ಗಾಡಿ ಆಯಿಲ್ ಚೇಂಜ್ ಮಾಡಿಸ್ಕೊಂಡು ಬಂದೆ ಕಣ್ರೀ. ಒಂದು ಬಾಟ್ಲಿ ಪೂರ್ತಿ ನನ್ನ ಕಣ್ಣೆದುರಿಗೇ ಸುರಿದ” ಎಂದರು ಪಕ್ಕದ ಮನೆ ಮೇಷ್ಟ್ರು, ಕಾಂಪೌಂಡ್ ಗೋಡೆಗೆ ಮೊಣಕೈ ಊರಿ.

“ಒಳ್ಳೇದಾಯ್ತು ಮೇಷ್ಟ್ರೇ. ಆಮೇಲೆ ಆಯಿಲ್ ಮಟ್ಟ ತೋರಿಸೋ ಕಡ್ಡಿ ನೋಡಿದ್ರಾ?”

“ಬಾಟ್ಲೀನೇ ಪೂರ್ತಿ ಹಾಕಿದ್ಮೇಲೆ ಕಡ್ಡೀಲಿ ಇನ್ನೇನು ನೋಡೋದು?”

ಮೇಷ್ಟ್ರು ಹೀಗೆ ಕೇಳುವುದಕ್ಕೆ ಕಾರಣವಿದೆ. ಅವರ ಕೈ ಪಳಗಿದ್ದು ಯೆಜ್ಡಿಯ ಮೇಲೆ. ನಮ್ಮ ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರವರೆಗೆ ಹೊರಬಂದ ಜಾವಾ, ಯೆಜ್ಡಿಗಳು ಟೂ ಸ್ಟ್ರೋಕ್ ಗಾಡಿಗಳು. ಅವಕ್ಕೆ ಆಯಿಲನ್ನು ಪೆಟ್ರೋಲಿಗೇ ಬೆರೆಸಬೇಕಿತ್ತು. ಪಿಸ್ಟನ್ನಿಗೂ ಬೇರಿಂಗಿಗೂ ಆ ಮಿಶ್ರಣದ ಜಿಡ್ಡೇ ಆಧಾರ. ಕೆಲಸ ಮುಗಿಸಿದ ಆಯಿಲ್ ಪೆಟ್ರೋಲಿನ ಜೊತೆ ಸುಟ್ಟು, ನೀಲಿ ಹೊಗೆಯಾಗಿ ಸೈಲೆನ್ಸರಿನಿಂದ ಹೊರಟುಹೋಗುತ್ತಿತ್ತು. ಲೀಟರಿಗೆ ಇಷ್ಟು ಎಂದು ಅಳೆದು ಹಾಕಿದರೆ ಸವಾರನ ಹೊಣೆ ಅಲ್ಲಿಗೆ ಮುಗಿಯಿತು. ಗೇರ್‌ಬಾಕ್ಸಿನ ಆಯಿಲ್ ಬೇರೆಯೇ ಇರುತ್ತಿತ್ತು.

ಈಗ ಮೇಷ್ಟ್ರ ಅಂಗಳದಲ್ಲಿರುವುದು ಸ್ಪ್ಲೆಂಡರ್, ಫೋರ್ ಸ್ಟ್ರೋಕ್. ಇದರ ಆಯಿಲ್ ಸುಟ್ಟುಹೋಗಬಾರದು. ತಳದಲ್ಲಿರುವುದನ್ನು ಪಂಪ್ ಎಳೆದು ಮೇಲೆ ಹೆಡ್ಡಿಗೆ ಕಳಿಸುತ್ತದೆ. ಅಲ್ಲಿ ಕ್ಯಾಮ್ ಶಾಫ್ಟನ್ನು ನೆನೆಸಿ ಮತ್ತೆ ತಳಕ್ಕೆ ಇಳಿಯುತ್ತದೆ. ಗೇರುಗಳೂ ಕ್ಲಚ್ ಪ್ಲೇಟುಗಳೂ ಅದೇ ಆಯಿಲಿನಲ್ಲಿ ತಿರುಗುತ್ತವೆ. ಬೈಕಿನ ಆಯಿಲ್ ಡಬ್ಬದ ಮೇಲೆ ಜಾಸೋ ಎಂಎ ಅಥವಾ ಎಂಎ2 ಎಂದು ಬರೆದಿರುವುದು ಈ ಕ್ಲಚ್ ಜಾರಬಾರದೆಂದೇ. ಆಯಿಲ್ ಹೀಗೆ ಒಳಗೊಳಗೇ ಸುತ್ತುವ ಎಂಜಿನ್ನಿನಲ್ಲಿ, ಬಾಟಲಿಯಿಂದ ಸುರಿದ ಲೆಕ್ಕ ಅರ್ಧ ಲೆಕ್ಕ. ಒಳಗೆ ಅದು ಯಾವ ಮಟ್ಟದಲ್ಲಿ ನಿಂತಿದೆ ಎಂಬುದೇ ಪೂರ್ತಿ ಲೆಕ್ಕ.

“ಅಲ್ಲಪ್ಪಾ, ಹಳೇದನ್ನೆಲ್ಲ ಬಸಿದು ಅಳತೆ ಪ್ರಕಾರ ಹೊಸದು ಹಾಕಿದ್ರೆ ಮಟ್ಟ ತಾನಾಗೇ ಸರಿಹೋಗಬೇಕಲ್ವಾ?”

ಮೇಷ್ಟ್ರ ತರ್ಕ ಸರಿಯೇ. ಆದರೆ ಹಳೆಯದೆಲ್ಲ ಬಸಿಯುವುದಿಲ್ಲ. ಗಾಡಿಯ ಜೊತೆ ಕೊಡುವ ಪುಸ್ತಕ ತೆಗೆದು ನೋಡಿದರೆ ಸಾಮಾನ್ಯವಾಗಿ ಎರಡು ಅಳತೆ ಇರುತ್ತವೆ: ಡ್ರೈನ್ ಮಾಡಿದ ಮೇಲೆ ಇಷ್ಟು, ಎಂಜಿನ್ ಪೂರ್ತಿ ಬಿಚ್ಚಿ ಜೋಡಿಸಿದ ಮೇಲೆ ಇಷ್ಟು. ಚಿಕ್ಕ ಗಾಡಿಗಳಲ್ಲಿ ಇವೆರಡರ ನಡುವೆ 100ರಿಂದ 200 ಮಿಲಿಲೀಟರ್ ವ್ಯತ್ಯಾಸ. ಅಷ್ಟು ಹಳೆಯ ಆಯಿಲ್ ಮೂಲೆಮುಡುಕಿನಲ್ಲಿ ಉಳಿದೇ ಇರುತ್ತದೆ ಎಂದು ತಯಾರಕರೇ ಒಪ್ಪಿಕೊಂಡ ಹಾಗಾಯಿತು. ಎಂಜಿನ್ ಬಿಸಿಯಿದ್ದಾಗ, ಗಾಡಿ ನೆಟ್ಟಗೆ ನಿಂತು, ನಿಧಾನವಾಗಿ ಬಸಿದರೆ ಹೆಚ್ಚು ಇಳಿಯುತ್ತದೆ. ತಣ್ಣಗಿದ್ದಾಗ ಅವಸರದಲ್ಲಿ ಬೋಲ್ಟ್ ಮುಚ್ಚಿದರೆ ಉಳಿಯುವುದು ಜಾಸ್ತಿ. ಅದರ ಮೇಲೆ ಬಾಟಲಿ ಪೂರ್ತಿ ಬಗ್ಗಿಸಿದರೆ ಗೆರೆ ದಾಟಿದರೂ ದಾಟೀತು. ಅಂಗಡಿಯಲ್ಲಿ ಸಿಗುವ ಬಾಟಲಿಯ ಗಾತ್ರ ನಮ್ಮ ಗಾಡಿಯ ಹೊಟ್ಟೆ ನೋಡಿ ಮಾಡಿದ್ದಲ್ಲವಲ್ಲ.

“ಹಂಗಾದ್ರೆ ಸುರಿದ ತಕ್ಷಣ ಕಡ್ಡಿ ನೋಡಿಬಿಟ್ರೆ ಮುಗೀತಲ್ಲ.”

ಮುಗಿಯುವುದಿಲ್ಲ. ಆಗತಾನೆ ಹಾಕಿದ ಆಯಿಲೆಲ್ಲ ತಳದಲ್ಲೇ ಕೂತಿರುತ್ತದೆ. ಫಿಲ್ಟರ್ ಬದಲಾಯಿಸಿದ್ದರೆ ಅದು ಒಣಗಿರುತ್ತದೆ, ಮೇಲಿನ ದಾರಿಗಳು ಖಾಲಿ. ಹೀಗಾಗಿ ಕಡ್ಡಿ ಭರ್ತಿ ಎಂದೇ ತೋರಿಸುತ್ತದೆ. ಎಂಜಿನ್ ಸ್ಟಾರ್ಟ್ ಮಾಡಿ, ರೇಸ್ ಮಾಡದೆ, ಎರಡು ಮೂರು ನಿಮಿಷ ಹಾಗೇ ಓಡಲು ಬಿಡಬೇಕು. ಫಿಲ್ಟರ್ ತನ್ನ ಪಾಲು ಕುಡಿಯುತ್ತದೆ, ದಾರಿಗಳು ತುಂಬಿಕೊಳ್ಳುತ್ತವೆ. ಆಮೇಲೆ ಆಫ್ ಮಾಡಿ ಇನ್ನೆರಡು ಮೂರು ನಿಮಿಷ ಕಾಯಬೇಕು, ಮೇಲೆ ಹೋದದ್ದು ಕೆಳಗಿಳಿಯಲಿ ಎಂದು. ಕಾಯದೆ ನೋಡಿದರೆ ಇರುವುದಕ್ಕಿಂತ ಕಮ್ಮಿ ಕಾಣಿಸುತ್ತದೆ. ಕಮ್ಮಿ ಎಂದು ನಂಬಿ ಇನ್ನಷ್ಟು ಸುರಿಯುವ ತಪ್ಪು ಅಲ್ಲೇ ಆಗುವುದು.

ಗಾಡಿ ನಿಲ್ಲಿಸುವ ರೀತಿಯೂ ಅಷ್ಟೇ ಮುಖ್ಯ. ಸೈಡ್ ಸ್ಟ್ಯಾಂಡಿನಲ್ಲಿ ಗಾಡಿ ಎಡಕ್ಕೆ ವಾಲಿರುತ್ತದೆ, ಒಳಗಿನ ಆಯಿಲೂ ಎಡಕ್ಕೆ ಸರಿಯುತ್ತದೆ. ಸ್ಪ್ಲೆಂಡರಿನ ಕಡ್ಡಿ ಇರುವುದು ಬಲಗಡೆ, ರಾಯಲ್ ಎನ್‌ಫೀಲ್ಡಿನ ಈಚಿನ 350ರ ಗಾಜಿನ ಕಿಂಡಿಯೂ ಬಲಗಡೆಯೇ. ವಾಲಿದ ಗಾಡಿಯಲ್ಲಿ ಅವು ಸರಿಯಾದ ಮಟ್ಟ ಹೇಳಲಾರವು. ಸಮತಟ್ಟು ನೆಲದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಬೇಕು. ಸೆಂಟರ್ ಸ್ಟ್ಯಾಂಡ್ ಇಲ್ಲದ ಗಾಡಿಯಾದರೆ ಒಬ್ಬರು ನೆಟ್ಟಗೆ ಹಿಡಿದುಕೊಳ್ಳಬೇಕು, ಇನ್ನೊಬ್ಬರು ಕೂತು ನೋಡಬೇಕು. ನಮ್ಮ ಬೀದಿಯಂಥ ಇಳಿಜಾರಿನಲ್ಲಿ ಸ್ಟ್ಯಾಂಡ್ ಹಾಕಿದರೂ ಲೆಕ್ಕ ತಪ್ಪುತ್ತದೆ. ಗೇಟಿನ ಒಳಗಿನ ಸಿಮೆಂಟು ನೆಲವೇ ವಾಸಿ.

ಇನ್ನು ಕಡ್ಡಿಯ ವಿಷಯ. ಮೊದಲ ಸಲ ತೆಗೆದಾಗ ಅದಕ್ಕೆ ಅಲ್ಲಿಲ್ಲಿ ಮೆತ್ತಿಕೊಂಡಿದ್ದನ್ನು ನಂಬಬಾರದು. ನೂಲು ಬಿಡದ ಚೊಕ್ಕ ಬಟ್ಟೆಯಲ್ಲಿ ಒರೆಸಿ ಮತ್ತೆ ಇಳಿಸಬೇಕು. ಸ್ಪ್ಲೆಂಡರಿನಂಥ ಗಾಡಿಯಲ್ಲಿ ಕಡ್ಡಿಯನ್ನು ತಿರುಗಿಸಿ ಬಿಗಿಯುವಂತಿಲ್ಲ. ಸುಮ್ಮನೆ ಇಳಿಸಿ, ಮುಚ್ಚಳದ ತಿರುಪಿನ ಮರೆ ತೂತಿನ ಅಂಚಿಗೆ ಕೂತಿತು ಎನ್ನುವಾಗ ಎತ್ತಬೇಕು. ಬಿಗಿದು ನೋಡಿದರೆ ಕಡ್ಡಿ ಇನ್ನಷ್ಟು ಆಳಕ್ಕೆ ಹೋಗಿ, ಇಲ್ಲದ ಆಯಿಲನ್ನು ಇದೆ ಎಂದು ತೋರಿಸುತ್ತದೆ. ಬಿಗಿದೇ ನೋಡಬೇಕೆನ್ನುವ ಗಾಡಿಗಳೂ ಇವೆ, ಪುಸ್ತಕ ಹೇಳಿದಂತೆ ಮಾಡಬೇಕು. ಹಳೆಯ ಎರಕದ ಕಬ್ಬಿಣದ ಬುಲೆಟ್ಟಿನ ದಾರಿಯೇ ಬೇರೆ. ಅದರಲ್ಲಿ ಆಯಿಲಿಗೆ ಪ್ರತ್ಯೇಕ ಕೋಣೆ. ಬಹಳ ದಿನ ನಿಂತರೆ ಆಯಿಲ್ ಅಲ್ಲಿಂದ ಕ್ರ್ಯಾಂಕಿನ ಕಡೆಗೆ ಜಿನುಗಿ ಕಡ್ಡಿಯಲ್ಲಿ ಕಮ್ಮಿ ಕಾಣುತ್ತದೆ. ಅದನ್ನು ಓಡಿಸಿ ಬಿಸಿ ಮಾಡಿದ ಮೇಲೆಯೇ ನೋಡಬೇಕು.

“ನಾನು ಒಂದ್ಸಲ ನೋಡಿದ್ದೆ ಕಣ್ರೀ, ಹೊಸ ಆಯಿಲ್ ಕಡ್ಡಿ ಮೇಲೆ ಕಾಣಲೇ ಇಲ್ಲ” ಎಂದರು ಮೇಷ್ಟ್ರು.

ನಿಜವಾದ ತೊಡಕು ಅದು. ಹಳೆಯ ಕಪ್ಪು ಆಯಿಲ್ ಗೆರೆ ಎಳೆದು ತೋರಿಸುತ್ತದೆ, ಹೊಸದು ತಿಳಿಯಾಗಿರುವುದರಿಂದ ಲೋಹದ ಬಣ್ಣದಲ್ಲೇ ಕರಗಿಹೋಗುತ್ತದೆ. ಕಡ್ಡಿಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಒದ್ದೆಯ ಭಾಗ ಮಿಂಚುತ್ತದೆ. ಅದೂ ತಿಳಿಯದಿದ್ದರೆ ಬಿಳಿ ಕಾಗದಕ್ಕೆ ಒತ್ತಿ ನೋಡಿದರಾಯಿತು, ಎಲ್ಲಿಯವರೆಗೆ ಒದ್ದೆಯಿದೆ ಎಂದು ಕಾಗದ ಹೇಳುತ್ತದೆ. ಎರಡು ಸಲ ನೋಡಿ, ಎರಡೂ ಸಲ ಒಂದೇ ಕಡೆ ಬಂದರೆ ನಂಬಬಹುದು.

ಕಡ್ಡಿಯಲ್ಲಿ ಎರಡು ಗುರುತುಗಳಿರುತ್ತವೆ. ಆಯಿಲ್ ಅವುಗಳ ನಡುವೆ, ಮೇಲಿನ ಗುರುತಿಗೆ ಹತ್ತಿರ ಇರಬೇಕು, ಅದನ್ನು ದಾಟಬಾರದು. ಕೆಳಗಿನದಕ್ಕಿಂತ ಕಮ್ಮಿಯಾದರೆ ಪಂಪ್ ಗಾಳಿ ಎಳೆಯುತ್ತದೆ, ಎತ್ತರದಲ್ಲಿರುವ ಕ್ಯಾಮಿಗೆ ಮೊದಲು ಬರಗಾಲ, ಆಮೇಲೆ ಟ್ಯಾಪೆಟ್ ಸದ್ದು, ಕೊನೆಗೆ ಪಿಸ್ಟನ್ ಸೀಜ್. ಇದು ಎಲ್ಲರಿಗೂ ಗೊತ್ತು. ಜಾಸ್ತಿಯಾದರೂ ಕೇಡು ಎಂಬುದೇ ಹಲವರಿಗೆ ಗೊತ್ತಿಲ್ಲ. ಮಟ್ಟ ಏರಿದರೆ ತಿರುಗುವ ಕ್ರ್ಯಾಂಕ್ ಆಯಿಲಿಗೆ ಬಡಿದು, ಮಜ್ಜಿಗೆ ಕಡೆದ ಹಾಗೆ ನೊರೆ ಎಬ್ಬಿಸುತ್ತದೆ. ನೊರೆಯಲ್ಲಿ ಗಾಳಿಯೇ ಹೆಚ್ಚು, ಪಂಪ್ ಎಷ್ಟು ತಳ್ಳಿದರೂ ಜಿಡ್ಡು ಮುಟ್ಟಬೇಕಾದ ಕಡೆ ಸರಿಯಾಗಿ ಮುಟ್ಟುವುದಿಲ್ಲ. ಒಳಗಿನ ಒತ್ತಡ ಏರಿ ಆಯಿಲ್ ಏರ್ ಫಿಲ್ಟರಿನ ಡಬ್ಬಕ್ಕೆ ನುಗ್ಗುತ್ತದೆ, ಸೀಲುಗಳ ಅಂಚಿನಲ್ಲಿ ಒಸರುತ್ತದೆ, ಸೈಲೆನ್ಸರಿನಲ್ಲಿ ಹೊಗೆ ಬರುತ್ತದೆ. ಹೆಚ್ಚಾದದ್ದನ್ನು ಕಡ್ಡಿಯ ತೂತಿನಿಂದ ಸಿರಿಂಜಿಗೆ ಸಣ್ಣ ಪೈಪ್ ಸಿಕ್ಕಿಸಿ ಎಳೆದುಬಿಡಬಹುದು. ತೆಗೆದದ್ದನ್ನು ಚರಂಡಿಗೆ ಸುರಿಯದೆ ಗ್ಯಾರೇಜಿನ ಡ್ರಮ್ಮಿಗೆ ಕೊಡಬೇಕು.

ಮಾರನೆಯ ದಿನ ಬೆಳಿಗ್ಗೆ ಇನ್ನೊಮ್ಮೆ ನೋಡುವುದು ಒಳ್ಳೆಯದು. ಡ್ರೈನ್ ಬೋಲ್ಟಿನ ಸುತ್ತ ಬೆರಳಾಡಿಸಬೇಕು. ಹಳೆಯ ವಾಷರನ್ನೇ ಮತ್ತೆ ಹಾಕಿದ್ದರೆ ಅಲ್ಲಿ ಜಿನುಗುವುದುಂಟು. ಆಮೇಲೆ ಆಗಾಗ ಕಡ್ಡಿ ನೋಡುತ್ತಿದ್ದರೆ ಮಟ್ಟ ಇಳಿಯುವುದೂ ತಿಳಿಯುತ್ತದೆ, ಏರುವುದೂ ತಿಳಿಯುತ್ತದೆ.

“ಏರೋದಾ? ನಾವು ಹಾಕದೆ ಅದ್ಹೆಂಗೆ ಏರತ್ತೆ?”

ಏರುತ್ತದೆ ಮೇಷ್ಟ್ರೇ. ಕಾರ್ಬುರೇಟರಿನ ಗಾಡಿಯಲ್ಲಿ ಪೆಟ್ರೋಲ್ ಸೋರಿ ಎಂಜಿನ್ನಿನೊಳಕ್ಕೆ ಇಳಿದರೆ ಆಯಿಲ್ ತೆಳ್ಳಗಾಗಿ ಮಟ್ಟ ಮೇಲೆ ಬರುತ್ತದೆ. ಕಡ್ಡಿ ಮೂಸಿದರೆ ಗೊತ್ತಾಗುತ್ತದೆ. ಆಯಿಲ್ ಮಾಸಲು ಬಿಳಿಯಾಗಿದ್ದರೆ ನೀರು ಸೇರಿದೆ ಎಂದರ್ಥ. ಮಲೆನಾಡಿನ ಮಳೆಗಾಲದಲ್ಲಿ ಬರೀ ಹತ್ತಿರದ ಓಡಾಟವಾದರೆ ಎಂಜಿನ್ ಸರಿಯಾಗಿ ಬಿಸಿಯಾಗದೆ ಒಳಗಿನ ತೇವ ಮುಚ್ಚಳದ ಅಡಿಯಲ್ಲಿ ಕಟ್ಟಿಕೊಳ್ಳುತ್ತದೆ. ಅದಕ್ಕೆ ಒಂದು ದೂರದ ಸವಾರಿ ಸಾಕು. ಪೂರ್ತಿ ಆಯಿಲೇ ಬೆಳ್ಳಗಾಗಿದ್ದರೆ ಓಡಿಸದೆ ಬದಲಾಯಿಸಬೇಕು.

1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂದಾಗ, ತುಂಬಿಸಿ, ಮುಚ್ಚಿ, ಮರೆತುಬಿಡಿ ಎಂಬ ಜಾಹೀರಾತು ದೇಶಕ್ಕೆಲ್ಲ ಬಾಯಿಪಾಠವಾಯಿತು. ಅದು ಹೇಳಿದ್ದು ಪೆಟ್ರೋಲಿನ ಮೈಲೇಜಿನ ಮಾತು. ನಾವು ಆ ಮರೆವನ್ನು ಆಯಿಲಿಗೂ ಹಬ್ಬಿಸಿಬಿಟ್ಟೆವು.

“ಮೆಕ್ಯಾನಿಕ್ ಎದುರಿಗೇ ಕಡ್ಡಿ ತೆಗೆದು ನೋಡಿದ್ರೆ ಅವನು ಬೇಜಾರು ಮಾಡ್ಕೊಳಲ್ವಾ?” ಎಂದು ಕೇಳಿದರು ಮೇಷ್ಟ್ರು.

ಕೆಲಸ ಬಲ್ಲವನು ಬೇಜಾರು ಮಾಡಿಕೊಳ್ಳುವುದಿಲ್ಲ, ತಾನೇ ಕರೆದು ತೋರಿಸುತ್ತಾನೆ. ಅಷ್ಟಕ್ಕೂ ಗಾಡಿ ಕಟ್ಟಿದವರ ಮನಸ್ಸು ಗಾಡಿಯಲ್ಲೇ ಇದೆ. ಡ್ರೈನ್ ಬೋಲ್ಟ್ ಬಿಚ್ಚಲು ಸ್ಪ್ಯಾನರ್ ಬೇಕು, ಅದು ಮೆಕ್ಯಾನಿಕ್ಕಿನ ಕೆಲಸ. ಕಡ್ಡಿಯ ಮುಚ್ಚಳವನ್ನು ಮಾತ್ರ ಬರಿಗೈಯಲ್ಲಿ ತಿರುಗಿಸುವಂತೆ ಮಾಡಿದ್ದಾರೆ. ಅದು ಗಾಡಿ ಓಡಿಸುವವರ ಕೈಗೆಂದೇ ಇಟ್ಟದ್ದು.