ಕಾಗದದ ಮೇಜುಬಟ್ಟೆ

ಪ್ಯಾರಿಸ್ಸಿನ ಹಳೇ ಬಿಸ್ಟ್ರೊಗೆ ಸಸ್ಯಾಹಾರಿ ಹೊಕ್ಕರೆ ಮಾಣಿಗೆ ಸಿಟ್ಟೇನೂ ಬರುವುದಿಲ್ಲ, ಕನಿಕರ ಬರುತ್ತದೆ. ಕರಿ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಅಂದಿನ ವಿಶೇಷವನ್ನು ಒಮ್ಮೆ ನೋಡಿ, ನಮ್ಮನ್ನು ಒಮ್ಮೆ ನೋಡಿ, ಭುಜ ಕುಣಿಸುತ್ತಾನೆ. ಈರುಳ್ಳಿ ಸೂಪಿದೆಯಲ್ಲ ಎಂದು ಹಿಗ್ಗುವಂತಿಲ್ಲ. ಅದರ ತಳದಲ್ಲಿ ಸಾಮಾನ್ಯವಾಗಿ ದನದ ಮೂಳೆಯ ಸಾರಿರುತ್ತದೆ. ಉಳಿಯುವುದು ನಿಂಬೆರಸ ಹಿಂಡಿದ ಕ್ಯಾರೆಟ್ ತುರಿ, ಅಂದರೆ ಒಗ್ಗರಣೆಯ ಮುಖವನ್ನೇ ಕಾಣದ ಕೋಸಂಬರಿ. ಮೊಟ್ಟೆ ತಿನ್ನುವವರಾದರೆ ಬದುಕಿದಿರಿ. ಬೇಯಿಸಿದ ಮೊಟ್ಟೆಯ ಮೇಲೆ ಮೆಯೊನೇಸ್ ಸುರಿದು ಕೊಡುತ್ತಾರೆ. ಇಷ್ಟು ಸರಳ ತಿಂಡಿಯ ರಕ್ಷಣೆಗೆಂದೇ ಅಲ್ಲೊಂದು ಸಂಘವಿದೆ, ಸ್ಪರ್ಧೆ ನಡೆಯುತ್ತದೆ, ಗೆದ್ದವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ನಮ್ಮ ಉಪ್ಪಿಟ್ಟಿಗೆ ಹೀಗೆ ಸಂಘ ಕಟ್ಟಲು ಹೊರಟರೆ ಮೊದಲು ಹುಟ್ಟುವುದು ವಿರೋಧಿ ಸಂಘ.

ಬ್ರೆಡ್ಡು ಮತ್ತು ಹೂಜಿಯ ನೀರಿಗೆ ಕಾಸಿಲ್ಲ. ನಾನು ಆ ಬ್ರೆಡ್ಡಿನ ಬುಟ್ಟಿಯನ್ನು ನಂಬಿಯೇ ಒಳಗೆ ಹೋಗುವವನು.

ಫೋಬೂರ್ ಮೋಂಮಾರ್ತ್ರ್ ಬೀದಿಯ ಶಾರ್ತಿಯೆ ಎಂಬ ಹೋಟೆಲು 1896ರಿಂದ ನಡೆಯುತ್ತಿದೆ. ಅಲ್ಲಿಯವರ ಲೆಕ್ಕದಲ್ಲಿ ಇದು ‘ಬುಯೋಂ’, ಕೂಲಿಯವರಿಗೂ ಗುಮಾಸ್ತರಿಗೂ ಅಗ್ಗದಲ್ಲಿ ಬಿಸಿ ಮಾಂಸದ ಸಾರು ಬಡಿಸುತ್ತಿದ್ದ ಊಟದ ಮನೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ದ್ಯುವಾಲ್ ಎಂಬ ಮಾಂಸದ ವ್ಯಾಪಾರಿ ಹಾಕಿಕೊಟ್ಟ ದಾರಿ. ಎತ್ತರದ ಛಾವಣಿ, ದೊಡ್ಡ ಕನ್ನಡಿಗಳು, ಟೋಪಿ, ಚೀಲ ಇಡಲು ತಲೆಯ ಮೇಲೆ ಹಿತ್ತಾಳೆಯ ಅಡ್ಡಪಟ್ಟಿಗಳು. ಗೋಡೆಯಲ್ಲಿ ನಂಬರು ಹಾಕಿದ ಪುಟ್ಟ ಪುಟ್ಟ ಖಾನೆಗಳಿವೆ. ದಿನವೂ ಬರುವ ಗಿರಾಕಿಗಳು ತಮ್ಮ ಕೈವಸ್ತ್ರವನ್ನು ಮಡಚಿ ಅದರಲ್ಲಿಟ್ಟು ಹೋಗುತ್ತಿದ್ದರಂತೆ. ಬಿಡಿಎ ಸೈಟಿಗೂ ಅರ್ಜಿ ಹಾಕದ ನನಗೆ ಅಂಥದೊಂದು ಖಾನೆಗೆ ಅರ್ಜಿ ಹಾಕಬೇಕೆನಿಸಿತು.

ಇಲ್ಲಿ ಮುಂಗಡವಾಗಿ ಮೇಜು ಕಾಯ್ದಿರಿಸುವಂತಿಲ್ಲ. ಸಾಲಿನಲ್ಲಿ ನಿಲ್ಲಬೇಕು, ಗುರುತಿಲ್ಲದವರ ಎದುರು ಕೂರಬೇಕು. ಕೂತ ಮೇಲೆ ಮೊದಲು ‘ಬೋಂಜೂರ್’. ಅದನ್ನು ನುಂಗಿಕೊಂಡು ನೇರ ನೀರು ಕೇಳಿದವನಿಗೆ ನೀರು ಬರುತ್ತದೆ, ನಿಧಾನವಾಗಿ.

ಕಪ್ಪು ವೇಸ್ಟ್‌ಕೋಟು, ಸೊಂಟದಿಂದ ಇಳಿಬಿದ್ದ ಬಿಳಿ ಏಪ್ರನ್ನು ತೊಟ್ಟ ಮಾಣಿ ನಾವು ಹೇಳಿದ್ದನ್ನು ಚೀಟಿಯಲ್ಲಿ ಬರೆದುಕೊಳ್ಳುವುದಿಲ್ಲ. ನಮ್ಮ ಮುಂದೆ ಹಾಸಿದ ಕಾಗದದ ಮೇಜುಬಟ್ಟೆಯ ಮೂಲೆಯಲ್ಲೇ ಗೀಚುತ್ತಾನೆ. ವೈದ್ಯರೂ ಮೆಚ್ಚುವ ಅಕ್ಷರ. ಊಟ ಸಾಗಿದಂತೆ ಪಟ್ಟಿ ಉದ್ದವಾಗುತ್ತದೆ; ಮೊಣಕೈ ಆಚೀಚೆ ಸರಿಸಿದರೆ ಪಕ್ಕದವರ ಲೆಕ್ಕವೂ ಕಾಣುತ್ತದೆ. ಒಬ್ಬರೇ ಬಂದ ಅಜ್ಜ ಒಂದು ಊಟಕ್ಕೆ ಎರಡು ಸಿಹಿ ತರಿಸಿದ್ದು, ಎದುರಿನ ಜೋಡಿ ಒಂದೇ ಸಿಹಿಗೆ ಎರಡು ಚಮಚ ಕೇಳಿದ್ದು, ಎಲ್ಲ ಬಯಲು. ಇಣುಕಬಾರದು ಎಂಬುದು ಗೊತ್ತು. ಆದರೆ ಬರೆದಿಟ್ಟಿದ್ದು ಮೇಜಿನ ಮೇಲೆ, ನನ್ನ ಉಪ್ಪಿನ ಡಬ್ಬಿಯ ಪಕ್ಕದಲ್ಲೇ.

ಕೊನೆಯ ಕೂಡಿಕೆ ಮಾತ್ರ ನಾವು ಕೇಳಿದಾಗಲೇ. ಕೇಳದೆ ಲೆಕ್ಕ ಮುಗಿಸಿದರೆ ಎದ್ದು ಹೋಗಿ ಎಂದಂತೆ ಎಂಬುದು ಫ್ರಾನ್ಸಿನ ಮರ್ಯಾದೆ. ಕೇಳಿದ ಮೇಲೆ ಮಾಣಿ ನಿಂತಲ್ಲೇ ಸರಸರನೆ ಕೂಡಿ, ಮೊತ್ತದ ಕೆಳಗೆ ಗೆರೆ ಎಳೆಯುತ್ತಾನೆ. ದುಡ್ಡು ಎಣಿಸಿಟ್ಟು ಎದ್ದರೆ, ಬ್ರೆಡ್ಡಿನ ಪುಡಿ, ಸಾಸಿನ ಕಲೆ ಸಮೇತ ಆ ಕಾಗದವನ್ನು ಮುದುಡಿ ಎತ್ತಿಕೊಂಡು ಹೊಸದನ್ನು ಹಾಸುತ್ತಾನೆ. ಅಜ್ಜನ ಎರಡನೆಯ ಸಿಹಿಗೆ ಇನ್ನು ಸಾಕ್ಷಿ ನಾನೊಬ್ಬನೇ.