ಕಕ್ಕಸಿಗೆ ತಂದ ಬಾಟ್ಲಿ

ಹೊಳಲ್ಕೆರೆಯಲ್ಲಿ ನಮ್ಮ ಕಡೆಯವರ ಮದುವೆ. ಮೂರನೇ ಪಂಕ್ತಿ. ಹೋಳಿಗೆಗೆ ತುಪ್ಪ ಬೀಳುವ ಹೊತ್ತಿಗೆ ಬಡಿಸುವ ಹುಡುಗರು ಪೇಪರ್ ಲೋಟದಲ್ಲಿ ಕೋಲಾ ಇಡುತ್ತಾ ಬಂದರು. ಸಾಲಿನ ಆ ತುದಿಯಿಂದ ಒಂದು ದನಿ ಎದ್ದಿತು: "ಕುಡೀಬ್ಯಾಡ್ರಪ್ಪೋ! ಅದು ಕಕ್ಕಸ್ ತೊಳಿಯಾಕೆ ಇರೋದು!" ಬೀಗರ ಬಾಯಿಗೆ ಹೋಗುತ್ತಿದ್ದ ಹೋಳಿಗೆ ಅರ್ಧದಲ್ಲೇ ನಿಂತಿತು. ಎಲೆಯ ಮುಂದೆ ಕೂತು ಯಾವ ಮಾತು ಆಡಬಾರದೋ ಅದನ್ನೇ ಆಡುವವರು ನಮ್ಮ ವಂಶದಲ್ಲಿ ಒಬ್ಬರೇ. ನಮ್ಮ ಚಿಕ್ಕಪ್ಪ.

ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ರಿಟೈರಾಗಿ ಕೆಲವು ವರ್ಷ, ಕೈಯಲ್ಲಿ ಸ್ಮಾರ್ಟ್‌ಫೋನು, ಜೇಬಿನಲ್ಲಿ ಶುಗರ್ ಮಾತ್ರೆ. ವಾಟ್ಸಾಪಿನಲ್ಲಿ ಬಂದದ್ದನ್ನು ಬರೀ ಫಾರ್ವರ್ಡ್ ಮಾಡಿದರೆ ಅವರು ಸಾಮಾನ್ಯ ಚಿಕ್ಕಪ್ಪ. ನಮ್ಮವರು ಮಾಡಿ ತೋರಿಸುವ ಪೈಕಿ. ತೋರಿಸಲು ಸರಕು ಬೇಕಲ್ಲ! ಹಾಗಾಗಿ ಚಿತ್ರದುರ್ಗದ ಅವರ ಬೀದಿಯಲ್ಲಿ ಕೋಲಾವನ್ನು ಎಲ್ಲರಿಗಿಂತ ಹೆಚ್ಚು ಬೈಯುವವರೂ ಅವರೇ, ಮೂಲೆ ಅಂಗಡಿಯಲ್ಲಿ ಎಲ್ಲರಿಗಿಂತ ಹೆಚ್ಚು ಕೊಳ್ಳುವವರೂ ಅವರೇ.

ಸುಳ್ಳು ಹೇಳಬಾರದು, ಮೊದಲ ಪ್ರಯೋಗ ಗೆದ್ದಿತು. ನಮ್ಮ ಕಡೆ ಬೋರಿನ ನೀರು ಗಡಸು. ನಲ್ಲಿ, ಬಕೆಟ್ಟು, ಕಕ್ಕಸಿನ ಬೇಸಿನ್ನು ಎಲ್ಲಕ್ಕೂ ಬಿಳಿಯಾಗಿ ಸುಣ್ಣ ಕಟ್ಟುತ್ತದೆ. ಚಿಕ್ಕಪ್ಪ ರಾತ್ರಿ ಬೇಸಿನ್ನಿಗೆ ಒಂದು ದೊಡ್ಡ ಬಾಟ್ಲಿ ಸುರಿದು, "ಬೆಳಗಾಗೋವರ್ಗೂ ಯಾರೂ ಹೋಗಂಗಿಲ್ಲ" ಎಂದು ಚಿಲಕ ಹಾಕಿ ಮಲಗಿದರು. ಆ ರಾತ್ರಿ ಮನೆಯವರು ಏನು ಮಾಡಿದರೆಂಬುದು ಇಲ್ಲಿ ಬೇಡ. ಬೆಳಿಗ್ಗೆ ಬ್ರಷ್ ಆಡಿಸಿದರೆ ಕಲೆ ಸಾಕಷ್ಟು ಬಿಟ್ಟಿತ್ತು. ಕೋಲಾದಲ್ಲಿ ಫಾಸ್ಫಾರಿಕ್ ಆಮ್ಲವಿರುತ್ತದೆ. ಪಿಎಚ್ ಸುಮಾರು 2.5, ಅಂದರೆ ಹೆಚ್ಚುಕಡಿಮೆ ನಿಂಬೆರಸದ ಹುಳಿ. ಹುಳಿ ಬಿದ್ದರೆ ಸುಣ್ಣ ಕರಗುತ್ತದೆ, ತುಕ್ಕು ಸಡಿಲಾಗುತ್ತದೆ. ಇಷ್ಟೇ ವಿಷಯ. ಚಿಕ್ಕಪ್ಪ ಮಾತ್ರ ಬಂದವರಿಗೆಲ್ಲ, ಕೋಟೆ ತೋರಿಸುವ ಗೈಡಿನಂತೆ, ಬೇಸಿನ್ನು ತೋರಿಸಿದರು. "ನೋಡ್ರಪ್ಪ, ಇದ್ಕೇ ಹಿಂಗಾದ್ರೆ ನಿಮ್ ಕರುಳು ಏನಾಗ್ಬೇಕು?"

ಅಡುಗೆಮನೆಯಿಂದ ಚಿಕ್ಕಮ್ಮ ಅಂದರು: "ನಾನು ನಲ್ವತ್ ವರ್ಷದಿಂದ ಹುಣಸೆಹಣ್ಣು ಹಾಕಿ ಹಿತ್ತಾಳೆ ಬಿಂದಿಗೆ ಬೆಳಗ್ತಿದೀನಿ. ಹಂಗಂತ ನೀವು ಸಾರು ಉಣ್ಣೋದು ಬಿಟ್ಟಿದೀರಾ?"

ಇದಕ್ಕೆ ಚಿಕ್ಕಪ್ಪನ ಬಳಿ ಇವತ್ತಿಗೂ ಉತ್ತರವಿಲ್ಲ. ನಮ್ಮ ಹೊಟ್ಟೆಯೊಳಗಿನ ಆಮ್ಲ ಕೋಲಾಕ್ಕಿಂತ ತೀಕ್ಷ್ಣ ಎಂದು ನಾನೂ ಒಂದು ಮಾತು ಸೇರಿಸಿದೆ. "ನೀನು ಕಂಪ್ನಿ ಕಡೆಯೋನು" ಎಂದು ನನ್ನ ಬಾಯಿ ಮುಚ್ಚಿಸಿದರು.

ಹಲ್ಲಿನ ಪ್ರಯೋಗ ನಡೆದದ್ದು ಹಿರಿಯೂರಿನಲ್ಲಿ, ಮಗಳ ಮನೆಯಲ್ಲಿ. ಮೊಮ್ಮಗನ ಹಾಲುಹಲ್ಲು ಉದುರಿತ್ತು. ಮಾಡಿನ ಮೇಲೆ ಬೀಳಬೇಕಿದ್ದ ಹಲ್ಲು ಕೋಲಾ ಲೋಟಕ್ಕೆ ಬಿತ್ತು. "ಬೆಳಿಗ್ಗೆಗೆ ಮಾಯ!" ಎಂದು ಘೋಷಣೆಯಾಯಿತು. ಇದು ಹಳೆಯ ಕಥೆ. 1950ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಪ್ರೊಫೆಸರ್ ಕ್ಲೈವ್ ಮೆಕೇ, ಕೋಲಾದಲ್ಲಿಟ್ಟ ಹಲ್ಲು ಎರಡು ದಿನದಲ್ಲಿ ಮೆತ್ತಗಾಗುತ್ತದೆ ಎಂದು ಅಮೆರಿಕದ ಸಂಸದರ ಸಮಿತಿಯೆದುರು ಹೇಳಿದ್ದರು. ಅಲ್ಲಿ ಮೆತ್ತಗಾದದ್ದು ಹಿರಿಯೂರು ಮುಟ್ಟುವಷ್ಟರಲ್ಲಿ ರಾತ್ರೋರಾತ್ರಿ ಮಾಯವಾಗತೊಡಗಿದೆ. ಬೆಳಿಗ್ಗೆ ಆರಕ್ಕೆ ಮನೆಮಂದಿಯೆಲ್ಲ ಲೋಟದ ಸುತ್ತ ನೆರೆದರು. ಚಿಕ್ಕಪ್ಪ ಚಮಚ ಇಳಿಬಿಟ್ಟು ಕೆದಕಿದರು. ಟಣ್ ಅಂತು. ಹಲ್ಲು ಇಡಿಯಾಗೇ ಇತ್ತು, ಎಲೆಅಡಿಕೆ ಹಾಕುವ ಮುದುಕಿಯ ಹಲ್ಲಿನ ಬಣ್ಣಕ್ಕೆ ತಿರುಗಿತ್ತು ಅಷ್ಟೇ.

"ತಾತ, ಮಾಯ ಆಗ್ಲೇ ಇಲ್ಲ?"

"ಶುರು ಆಗೈತೆ, ಸುಮ್ಕಿರು."

ಹೊಸದುರ್ಗದ ಕಡೆ ಅವರ ಭಾಮೈದನ ದಾಳಿಂಬೆ ತೋಟವಿದೆ. 2004ರಲ್ಲಿ ಛತ್ತೀಸ್‌ಗಢದ ರೈತರು ಭತ್ತದ ಗದ್ದೆಗೆ ಔಷಧಿಯ ಬದಲು ಕೋಲಾ ಹೊಡೆದದ್ದು ಸುದ್ದಿಯಾಗಿತ್ತು. ಸಕ್ಕರೆಗೆ ಇರುವೆ ಬರುತ್ತವೆ, ಅವು ಹುಳದ ಮರಿಗಳನ್ನು ತಿನ್ನುತ್ತವೆ ಎಂಬ ವಿವರಣೆಯೂ ಆಗ ಕೇಳಿಬಂದಿತ್ತು. ಚಿಕ್ಕಪ್ಪ ನಾಲ್ಕು ಗಿಡಕ್ಕೆ ಹೊಡೆದರು. ಇರುವೆ ಬಂದವು. ಹುಳದ ಗೊಡವೆಗೆ ಹೋಗದೆ ನೇರ ಭಾಮೈದನ ಕಾಲು ಹತ್ತಿದವು. "ಭಾವ, ಇನ್ಮ್ಯಾಲೆ ತ್ವಾಟಕ್ಕೆ ಬಂದ್ರೆ ಬರಿಗೈಯಾಗೆ ಬರ್ರಿ" ಎಂದು ಕೈಮುಗಿದನಂತೆ.

ಇಷ್ಟಾದರೂ ಚಿಕ್ಕಪ್ಪನ ಮುಖ ಅರಳಬೇಕೆಂದರೆ 1977ರ ಮಾತೆತ್ತಬೇಕು. ಆಗ ಜನತಾ ಸರ್ಕಾರ. ವಿದೇಶಿ ಪಾಲು ಶೇ. 40ಕ್ಕೆ ಇಳಿಸಬೇಕೆಂಬ ಕಾನೂನಿಗೆ ಕೋಕಾ-ಕೋಲಾ ಒಪ್ಪದೆ ದೇಶ ಬಿಟ್ಟಿತು. ಪಟ್ಟು ಹಿಡಿದ ಕೈಗಾರಿಕಾ ಮಂತ್ರಿ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ಅದರ ಜಾಗಕ್ಕೆ ಸರ್ಕಾರವೇ 'ಡಬಲ್ ಸೆವೆನ್' ಎಂಬ ಪಾನೀಯ ತಂದಿತು, ಅದರ ಸೂತ್ರ ಮೈಸೂರಿನ ಸಿಎಫ್‌ಟಿಆರ್‌ಐನದು. "ಓಡಿಸಿದೋರು ಮಂಗ್ಳೂರೋರು, ಬದ್ಲಿ ಕೊಟ್ಟೋರು ಮೈಸೂರೋರು!" ಎಂದು ತೊಡೆ ತಟ್ಟುತ್ತಾರೆ. ಡಬಲ್ ಸೆವೆನ್ ರುಚಿ ಹೇಗಿತ್ತು ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ದೇಶಭಕ್ತಿ ಇದ್ದೋರ್ಗೆ ಚೆನ್ನಾಗಿತ್ತು" ಅಂದರು. 1993ರಲ್ಲಿ ಹಳೆಯದು ವಾಪಸ್ ಬಂದದ್ದನ್ನು ಅವರು ಹೇಳುವುದಿಲ್ಲ, ನಾವೂ ನೆನಪಿಸುವುದಿಲ್ಲ.

ಇಷ್ಟೆಲ್ಲ ಭಾಷಣದಲ್ಲಿ ಚಿಕ್ಕಪ್ಪ ಹಾರಿಸಿಬಿಡುವ ಪದ ಒಂದಿದೆ: ಸಕ್ಕರೆ. 250 ಮಿಲಿ ಕೋಲಾದಲ್ಲಿ ಸುಮಾರು 26 ಗ್ರಾಂ, ಟೀ ಚಮಚದಲ್ಲಿ ಆರಕ್ಕೂ ಮಿಕ್ಕಿ. ಹೊರಗಿನಿಂದ ಸೇರಿಸಿದ ಸಕ್ಕರೆ ಇಡೀ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಒಂದು ಲೋಟಕ್ಕೇ ದಿನದ ಲೆಕ್ಕ ಮುಗಿಯಿತು. ದಿನಾ ಕುಡಿದರೆ ಬೊಜ್ಜು, ಡಯಾಬಿಟಿಸ್, ಹುಳುಕುಹಲ್ಲು ಹತ್ತಿರವಾಗುತ್ತವೆ. ಆದರೆ ಬೇಸಿನ್ನಿಗೆ ಶುಗರ್ ಬರುವುದಿಲ್ಲವಲ್ಲ, ತೋರಿಸುವುದು ಹೇಗೆ? ಹುಳಿಯ ಪ್ರತಾಪ ಒಂದೇ ರಾತ್ರಿಯಲ್ಲಿ ಕಾಣುತ್ತದೆ. ಸಕ್ಕರೆ ಸದ್ದಿಲ್ಲದೆ ವರ್ಷಗಟ್ಟಲೆ ಒಳಗೇ ಕೂತು ಕೆಲಸ ಮಾಡುತ್ತದೆ. ಈ ಮಾತು ಬಂದಾಗಲೆಲ್ಲ ಚಿಕ್ಕಪ್ಪನ ಕೈ ಮಾತ್ರೆಯ ಜೇಬನ್ನು ಮುಟ್ಟಿ ನೋಡುತ್ತದೆ.

ಹೋದ ಭಾನುವಾರ ನಾನು ಅವರ ಮನೆಯಲ್ಲಿದ್ದೆ. ಬಚ್ಚಲಿಗೆ ಕೋಲಾ ಸುರಿದು ಸರಿಯಾಗಿ ನೀರು ಬಿಟ್ಟಿರಲಿಲ್ಲ ಅಂತ ಕಾಣುತ್ತದೆ, ಇರುವೆ ಸಾಲುಗಟ್ಟಿದ್ದವು. ಚಿಕ್ಕಮ್ಮ ಪೊರಕೆ, ಅರಿಶಿನದ ಡಬ್ಬಿ ಹಿಡಿದು ಬೆನ್ನುಹತ್ತಿದರು. ಸಾಲು ಬಚ್ಚಲಲ್ಲಿ ನಿಲ್ಲಲಿಲ್ಲ. ಹೊಸಿಲು ದಾಟಿ, ನಡುಮನೆ ದಾಟಿ, ಚಿಕ್ಕಪ್ಪನ ಮಂಚದ ಕೆಳಗಿನ ಟ್ರಂಕಿನ ಹಿಂದಕ್ಕೆ ಹೋಯಿತು. ಚಿಕ್ಕಮ್ಮ ಬಗ್ಗಿ ಕೈಹಾಕಿ ಅರ್ಧ ಖಾಲಿಯಾದ ಬಾಟ್ಲಿ ಎಳೆದರು.

"ಕಕ್ಕಸಿಗೆ ಅಂತ ತಂದಿಟ್ಟಿದ್ದು ಕಣೇ," ಅಂದರು ಚಿಕ್ಕಪ್ಪ, ಪೇಪರಿನಿಂದ ತಲೆಯೆತ್ತದೆ.

ಚಿಕ್ಕಮ್ಮ ಮತ್ತೆ ಬಗ್ಗಿದರು. ಒಂದು ಸ್ಟೀಲ್ ಲೋಟ ಬಂತು. ಅದರ ಹಿಂದೆ ಒಂದು ಪೊಟ್ಟಣ.

"ಕಕ್ಕಸಿಗೆ ನಂಚ್ಕೊಳಾಕೆ ಖಾರದ ಶೇಂಗಾನೂ ಬೇಕಾಯ್ತಾ?"